ಗೆಳೆಯರಿಗೆ ಕೊಟ್ಟ ಅಂಕಗಳು: ಹೆಸ್ಟರ್ ಥ್ರೇಲಳ ದಿನಚರಿ



ಸ್ನೇಹ, ಮಾತಿನ ಚಾತುರ್ಯ, ಮನುಷ್ಯ ಸ್ವಭಾವ: ಈ ಮೂರರ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಸುಭಾಷಿತಗಳನ್ನು ಪೋಣಿಸಿಕೊಂಡು ಹೋದರೆ ಒಂದು ಗಂಟೆ ಸಲೀಸಾಗಿ ಕಳೆದುಹೋಗುವಂಥ ವಿಷಯ ಇದು. ಆದರೆ ಸ್ನೇಹದ ಬಗ್ಗೆ ಸಾಮಾನ್ಯವಾಗಿ ಆಡುವ ಮಾತೆಲ್ಲ ನಿಜವೇ ಆಗಿರುತ್ತದೆ, ಯಾರಿಗೂ ತಾಗುವುದಿಲ್ಲ. ಆದ್ದರಿಂದ ಒಬ್ಬ ಹೆಂಗಸು, ಆಕೆಯ ಊಟದ ಮೇಜು, ಆಕೆ ಬರೆದಿಟ್ಟ ಆರು ಪುಸ್ತಕಗಳು, ಇಷ್ಟಕ್ಕೇ ಇವತ್ತಿನ ಮಾತನ್ನು ಕಟ್ಟಿಹಾಕುತ್ತೇನೆ.

ಆಕೆ ಹೆಸ್ಟರ್ ಲಿಂಚ್ ಥ್ರೇಲ್. ಹುಟ್ಟಿದ್ದು 1741ರಲ್ಲಿ, ವೇಲ್ಸ್ ಪ್ರಾಂತ್ಯದ ಹಳೆಯ ಮನೆತನವೊಂದರಲ್ಲಿ. ವಂಶಕ್ಕೆ ಹೆಸರಿತ್ತು, ಕೈಯಲ್ಲಿ ಕಾಸಿರಲಿಲ್ಲ. 1763ರಲ್ಲಿ ಲಂಡನ್ನಿನ ಸದರ್ಕ್ ಪ್ರದೇಶದಲ್ಲಿ ದೊಡ್ಡ ಬಿಯರ್ ಕಾರ್ಖಾನೆ ಇಟ್ಟುಕೊಂಡಿದ್ದ ಹೆನ್ರಿ ಥ್ರೇಲ್ ಜೊತೆ ಮದುವೆಯಾಯಿತು. ಪ್ರೀತಿಸಿ ಆದದ್ದಲ್ಲ, ಹಿರಿಯರು ಕುದುರಿಸಿದ್ದು. ಹನ್ನೆರಡು ಹೆರಿಗೆಗಳಾದವು. ಬೆಳೆದು ದೊಡ್ಡವರಾದದ್ದು ನಾಲ್ಕು ಹೆಣ್ಣುಮಕ್ಕಳು ಮಾತ್ರ. 1776ರ ಮಾರ್ಚಿನಲ್ಲಿ, ಕಾರ್ಖಾನೆಗೆ ವಾರಸುದಾರನಾಗಬೇಕಿದ್ದ ಒಂಬತ್ತು ವರ್ಷದ ಮಗ ಹ್ಯಾರಿ ತೀರಿಕೊಂಡ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗಂಡ ಆಕೆಗೆ ಚರ್ಮದ ರಟ್ಟಿನ ಆರು ಖಾಲಿ ಪುಸ್ತಕಗಳನ್ನು ತಂದುಕೊಟ್ಟ. ಮೇಲೆ 'ಥ್ರೇಲಿಯಾನಾ' ಎಂದು ಅಚ್ಚೊತ್ತಿಸಿದ್ದ. ಕಿವಿಗೆ ಬಿದ್ದ ಕತೆ, ಹೊಳೆದ ವಿಚಾರ, ಅಚ್ಚಿಗೆ ಹೋಗಲಾರದ ಪದ್ಯ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡು ಎಂದು ನಿಘಂಟುಕಾರ ಡಾಕ್ಟರ್ ಜಾನ್ಸನ್ ಎಷ್ಟೋ ವರ್ಷದ ಹಿಂದೆಯೇ ಹೇಳಿದ್ದರೆಂದು ಮೊದಲ ಪುಟದಲ್ಲೇ ಆಕೆ ನೆನೆದಿದ್ದಾಳೆ. 1809ರವರೆಗೆ, ಮೂವತ್ತೆರಡು ವರ್ಷಕ್ಕೂ ಮೇಲೆ, ಬರೆದಳು. ಅದು ಪೂರ್ತಿಯಾಗಿ ಅಚ್ಚಾದದ್ದು 1942ರಲ್ಲಿ, ಕ್ಯಾಥರೀನ್ ಬಾಲ್ಡರ್‌ಸ್ಟನ್ ಸಂಪಾದಿಸಿದ ಎರಡು ಸಂಪುಟಗಳಾಗಿ. ಹಸ್ತಪ್ರತಿ ಈಗ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಲ್ಲಿದೆ.

ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈಕೆಯ ಹೆಸರು ಪರಿಚಯವಿದ್ದರೆ ಅದು ಬಾಸ್ವೆಲ್ ಬರೆದ ಜಾನ್ಸನ್ ಚರಿತ್ರೆಯ ಮೂಲಕ. ಅಲ್ಲಿ ಆಕೆ ಜಾನ್ಸನ್ನನಿಗೆ ಚಹಾ ಬಗ್ಗಿಸಿಕೊಡುವ ಗೃಹಿಣಿ. ಆ ಚಹಾ ಬಗ್ಗಿಸುತ್ತಿದ್ದ ಕೈ ರಾತ್ರಿ ಏನು ಬರೆಯುತ್ತಿತ್ತು ಎಂಬುದು ಬಾಸ್ವೆಲ್‌ಗೆ ಪೂರ್ತಿ ಗೊತ್ತಿರಲಿಲ್ಲ.

ಜಾನ್ಸನ್ ಆ ಮನೆಗೆ ಬಂದ ಬಗೆಯೇ ಒಂದು ಸಣ್ಣ ನಾಟಕ. ಹೆನ್ರಿ ಥ್ರೇಲನ ಹಳೆಯ ಗೆಳೆಯ, ನಾಟಕಕಾರ ಆರ್ಥರ್ ಮರ್ಫಿಗೆ ಜಾನ್ಸನ್ನನನ್ನು ಇವರಿಗೆ ಭೇಟಿ ಮಾಡಿಸುವ ಆಸೆ. ನಿಘಂಟು ಬರೆದು ಇಂಗ್ಲೆಂಡಿಗೇ ಹೆಸರಾದವನನ್ನು ಬಿಯರ್ ವ್ಯಾಪಾರಿಯ ಮನೆಗೆ ಊಟಕ್ಕೆ ಕರೆಯಲು ನೆಪ ಬೇಕಲ್ಲ? ಜೇಮ್ಸ್ ವುಡ್‌ಹೌಸ್ ಎಂಬ ಚಪ್ಪಲಿ ಹೊಲಿಯುವ ಕವಿಯೊಬ್ಬ ಆಗ ಊರಿಗೆ ಬಂದಿದ್ದ. ಅವನನ್ನು ನೋಡಲಿಕ್ಕೆ ಬನ್ನಿ ಎಂದು ಕರೆದರು. ಇದು 1765ರ ಜನವರಿ. ಜಾನ್ಸನ್ನನ ಆಕಾರ, ಉಡುಪು, ವರ್ತನೆ ನೋಡಿ ಗಾಬರಿಯಾಗಬೇಡಿ ಎಂದು ಮರ್ಫಿ ಮೊದಲೇ ಎಚ್ಚರಿಸಿದ್ದನಂತೆ. ಚಪ್ಪಲಿ ಹೊಲಿಯುವ ಕವಿ ಆ ಮನೆಯ ಕತೆಯಿಂದ ಬೇಗ ಮರೆಯಾದ. ಜಾನ್ಸನ್ ಪ್ರತಿ ವಾರ ಊಟಕ್ಕೆ ಬರತೊಡಗಿದ.

ಮರುವರ್ಷ ಕೆಲಕಾಲ ಆತ ಬರಲೇ ಇಲ್ಲ. ಗಂಡಹೆಂಡತಿ ಹುಡುಕಿಕೊಂಡು ಹೋದರೆ, ತನ್ನ ಬುದ್ಧಿ ಸ್ವಸ್ಥವಾಗಿ ಉಳಿಯಲೆಂದು ಪ್ರಾರ್ಥಿಸುವಂತೆ ಆತ ಒಬ್ಬ ಪಾದ್ರಿಯನ್ನು ಅಂಗಲಾಚುತ್ತಿದ್ದ. ಆತ ತನ್ನ ಮೇಲೆ ತಾನೇ ಹೊರಿಸಿಕೊಳ್ಳುತ್ತಿದ್ದ ಆರೋಪಗಳನ್ನು ಕೇಳಲಾರದೆ ಹೆನ್ರಿ ಥ್ರೇಲ್ ತನ್ನ ಕೈಯಿಂದಲೇ ಆತನ ಬಾಯಿ ಮುಚ್ಚಿದ. ಅಲ್ಲಿಂದ ಸ್ಟ್ರೆಥಮ್ಮಿನ ತಮ್ಮ ಹಳ್ಳಿಮನೆಗೆ ಕರೆತಂದು ತಿಂಗಳುಗಟ್ಟಲೆ ಇಟ್ಟುಕೊಂಡರು. ಮುಂದೆ ಹದಿನಾರು ವರ್ಷ ಅದು ಆತನಿಗೂ ಮನೆಯೇ ಆಯಿತು. ರಾತ್ರಿ ಹಾಸಿಗೆಯಲ್ಲಿ ಮೇಣದ ಬತ್ತಿಗೆ ಮುಖ ಕೊಟ್ಟು ಓದಿ ಆತನ ಟೋಪನ್ನಿನ ಮುಂಭಾಗ ಸುಟ್ಟು ಹೋಗಿರುತ್ತಿತ್ತು. ಊಟದ ಹೊತ್ತಿಗೆ ಆಳು ಬಾಗಿಲಲ್ಲಿ ಇನ್ನೊಂದು ಟೋಪನ್ ಹಿಡಿದು ನಿಂತಿರುತ್ತಿದ್ದ. ಪಂಡಿತನೊಬ್ಬನನ್ನು ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ ಇಂಥ ಕೆಲಸಗಳೂ ಸೇರಿ. ಆತನಿಗೆ ನಿದ್ದೆ ಬಾರದು, ಒಂಟಿತನದ ಭಯ. ಅವನ ಜೊತೆ ಚಹಾ ಪಾತ್ರೆಯ ಮುಂದೆ ಅಪರಾತ್ರಿಯವರೆಗೆ ಕೂತಿರುತ್ತಿದ್ದವಳು ಹೆಸ್ಟರ್, ಹಲವು ಸಲ ಬಸುರಿಯಾಗಿ.

ಇನ್ನು ಅಂಕದ ವಿಚಾರ. 1778ರಲ್ಲಿ ಒಂದು ದಿನ ಈಕೆ ತನ್ನ ಪರಿಚಯದ ಗಂಡಸರ ಹೆಸರುಗಳನ್ನು ಸಾಲಾಗಿ ಬರೆದು, ಪಕ್ಕದಲ್ಲಿ ಕಾಲಂಗಳನ್ನು ಎಳೆದು, ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕಿದಳು. ಧರ್ಮಶ್ರದ್ಧೆ, ನೀತಿ, ಪಾಂಡಿತ್ಯ, ಲೋಕಜ್ಞಾನ, ರೂಪ ಮತ್ತು ದನಿ, ನಡವಳಿಕೆ, ಚಾತುರ್ಯ, ಹಾಸ್ಯ, ಸೌಮ್ಯ ಸ್ವಭಾವ: ಹೀಗೆ ಒಂಬತ್ತು ವಿಷಯ. ಜಾನ್ಸನ್ನನಿಗೆ ಧರ್ಮಶ್ರದ್ಧೆಯಲ್ಲಿ 20, ನೀತಿಯಲ್ಲಿ 20, ಪಾಂಡಿತ್ಯದಲ್ಲಿ 19, ಲೋಕಜ್ಞಾನದಲ್ಲಿ 20. ರೂಪಕ್ಕೆ ಸೊನ್ನೆ. ನಡವಳಿಕೆಗೆ ಸೊನ್ನೆ. ಚಾತುರ್ಯಕ್ಕೆ 15, ಹಾಸ್ಯಕ್ಕೆ 16. ಸೌಮ್ಯತೆಗೆ ಮತ್ತೆ ಸೊನ್ನೆ. ಕೂಡಿದರೆ 180ಕ್ಕೆ 110. ನಮ್ಮ ವಿಶ್ವವಿದ್ಯಾಲಯಗಳ ಲೆಕ್ಕದಲ್ಲಿ ಪ್ರಥಮ ದರ್ಜೆ. ಆದರೆ ಮೂರು ವಿಷಯದಲ್ಲಿ ಸೊನ್ನೆ ಬಂದಿರುವುದರಿಂದ ಫೇಲು.

ನಾವು ನಗಬಹುದು. ಆಕೆಯೂ ನಗುತ್ತಲೇ ಬರೆದಿರಬೇಕು. ಆದರೂ ಈ ಪಟ್ಟಿಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಚಾತುರ್ಯ, ಹಾಸ್ಯ, ಸೌಮ್ಯತೆ ಇವು ಮೂರು ಬೇರೆ ಬೇರೆ ಕಾಲಂಗಳಲ್ಲಿ ಇರುವುದು. ಮಾತಿನಲ್ಲಿ ಗೆಲ್ಲುವುದು ಬೇರೆ, ನಗಿಸುವುದು ಬೇರೆ, ಜೊತೆಗಿರುವವರಿಗೆ ಹಿತವಾಗಿರುವುದು ಬೇರೆ. ಬಾಸ್ವೆಲ್ಲನಿಗೆ ಉಳಿದ ವಿಷಯಗಳಲ್ಲಿ ಕೈ ಬಿಗಿಹಿಡಿದಿದ್ದಾಳೆ. ಸೌಮ್ಯತೆಗೆ ಮಾತ್ರ 19. ಸ್ವಂತ ಗಂಡನಿಗೆ ಚಾತುರ್ಯದಲ್ಲೂ ಹಾಸ್ಯದಲ್ಲೂ ಸೊನ್ನೆ. ಜಾನ್ಸನ್ನನೋ, ತಾನು ಬಹಳ ಹಸನ್ಮುಖಿ, ಅತಿ ವಿನಯವಂತ ಎಂದೇ ನಂಬಿದ್ದವನು. ಗಾಡಿಯಲ್ಲಿ ಹೋಗುತ್ತಾ ಹಾಗೆಂದು ಹೇಳಿಕೊಂಡಾಗ ಬಾಸ್ವೆಲ್ಲನೇ ಒಪ್ಪಲಿಲ್ಲ. ಆ ಸೊನ್ನೆ ಹಾಕಿದವಳು ಅದಾದ ಮೇಲೂ ಚಹಾ ಬಗ್ಗಿಸುತ್ತಲೇ ಇದ್ದಳು ಎಂಬುದನ್ನು ದಯವಿಟ್ಟು ಗಮನಿಸಿ. ಆಕೆಗೆ ಅವನ ಸ್ವಭಾವದ ಬಗ್ಗೆ ಭ್ರಮೆ ಇರಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ತಿಳಿದುಕೊಂಡ ಮೇಲೂ ಉಳಿದದ್ದನ್ನು ಸ್ನೇಹವೆನ್ನದೆ ಬೇರೆ ಹೆಸರಿಡಲು ನನಗೆ ತೋಚುವುದಿಲ್ಲ.

ಹೆಂಗಸರಿಗೂ ಒಂದು ಪಟ್ಟಿ ಇದೆ, ಆದರೆ ವಿಷಯಗಳೇ ಬೇರೆ. ಹೃದಯದ ಯೋಗ್ಯತೆ, ಸಂಭಾಷಣಾ ಶಕ್ತಿ, ರೂಪ ಮತ್ತು ಹಾವಭಾವ, ಸೌಮ್ಯತೆ, ಉಪಯುಕ್ತ ಜ್ಞಾನ, ಅಲಂಕಾರದ ಜ್ಞಾನ. ಚಾತುರ್ಯದ ಕಾಲಂ ಇಲ್ಲ, ಹಾಸ್ಯದ್ದೂ ಇಲ್ಲ. ಆ ಕಾಲದ ಲಂಡನ್ನಿನ ಮಾತುಗಾತಿಯರ ಮೊದಲ ಸಾಲಿನಲ್ಲಿದ್ದ ಹೆಂಗಸೇ ಹೆಂಗಸರ ಪಟ್ಟಿಯಿಂದ ಅವೆರಡನ್ನೂ ಬಿಟ್ಟಿದ್ದಾಳೆ. ಪರೀಕ್ಷಕಿ ಎಷ್ಟೇ ಜಾಣೆಯಾದರೂ ಪ್ರಶ್ನೆಪತ್ರಿಕೆ ಕಾಲದ್ದು.

ಚಾತುರ್ಯ ಹರಿತವಾದದ್ದು ಎಂದು ಎಲ್ಲರೂ ಹೇಳುತ್ತಾರೆ. ಅದು ಯಾರ ಸ್ವಭಾವವನ್ನು ಬಯಲು ಮಾಡುತ್ತದೆ ಎಂಬ ಪ್ರಶ್ನೆಗೆ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬಹುದು. ಹೆಸ್ಟರ್ 1786ರಲ್ಲಿ ಪ್ರಕಟಿಸಿದ ಜಾನ್ಸನ್ ಪ್ರಸಂಗಗಳ ಪುಸ್ತಕದಲ್ಲಿ ಇದು ಬರುತ್ತದೆ. ಅಮೆರಿಕದಲ್ಲಿ ತನ್ನ ದಾಯಾದಿ ತಮ್ಮನೊಬ್ಬ ಯುದ್ಧದಲ್ಲಿ ಸತ್ತ ಸುದ್ದಿ ತಿಳಿದು ಆಕೆ ದುಃಖ ತೋಡಿಕೊಂಡಳಂತೆ. ಜಾನ್ಸನ್, ಈ ಬಣ್ಣದ ಮಾತು ಸಾಕು ಎಂದು ಗದರಿ, ನಿನ್ನ ನೆಂಟರನ್ನೆಲ್ಲ ಹಕ್ಕಿಗಳಂತೆ ಕಂಬಿಗೆ ಚುಚ್ಚಿ ಸುಟ್ಟು ಪ್ರೆಸ್ಟೋಗೆ ಊಟಕ್ಕಿಟ್ಟರೂ ಲೋಕಕ್ಕೇನು ನಷ್ಟ ಎಂದನಂತೆ. ಪ್ರೆಸ್ಟೋ ಎಂದರೆ ಮೇಜಿನ ಕೆಳಗೆ ಮಲಗಿದ್ದ ಮನೆಯ ನಾಯಿ. ಕೇಳಿದರೆ ಜಾನ್ಸನ್ ರಾಕ್ಷಸ ಅನ್ನಿಸುತ್ತದೆ.

ಇದೇ ಪ್ರಸಂಗವನ್ನು ಜೋಸೆಫ್ ಬರೆಟ್ಟಿ ಬೇರೆ ಥರ ಹೇಳಿದ. ಬಾಸ್ವೆಲ್ ಅದನ್ನು ಖುಷಿಯಿಂದ ತನ್ನ ಪುಸ್ತಕಕ್ಕೆ ಸೇರಿಸಿಕೊಂಡ. ಬರೆಟ್ಟಿಯ ಪ್ರಕಾರ ಅವತ್ತು ಊಟಕ್ಕೆ ಲಾರ್ಕ್ ಹಕ್ಕಿಗಳಿದ್ದವು. ಹೆಸ್ಟರ್ ಚೆನ್ನಾಗಿ ತಿನ್ನುತ್ತಿದ್ದವಳು ಚಾಕು ಚಮಚ ಕೆಳಗಿಟ್ಟು, ಪಾಪ, ನಮ್ಮ ತಮ್ಮನ ತಲೆ ಫಿರಂಗಿ ಗುಂಡಿಗೆ ಹಾರಿಹೋಯಿತಂತೆ ಎಂದು ಹಗುರವಾಗಿ ಅಂದಳು. ಆ ಹಗುರತನಕ್ಕೆ ಬೆಚ್ಚಿದ ಜಾನ್ಸನ್, ನಿನ್ನ ನೆಂಟರೆಲ್ಲ ಈ ಹಕ್ಕಿಗಳ ಹಾಗೆ ಸುಟ್ಟು ಪ್ರೆಸ್ಟೋ ಪಾಲಾದರೂ ನಿನಗೆ ಅಷ್ಟೇನೂ ಅನ್ನಿಸದು ಎಂದ.

ಮಾತು ಹೆಚ್ಚು ಕಡಿಮೆ ಒಂದೇ. ತಟ್ಟೆಯಲ್ಲಿ ಹಕ್ಕಿ ಇತ್ತೋ ಇಲ್ಲವೋ ಎಂಬುದರ ಮೇಲೆ ಕಲ್ಲುಮನಸ್ಸು ಮೇಜಿನ ಈ ಬದಿಯಿಂದ ಆ ಬದಿಗೆ ಹೋಗುತ್ತದೆ. ಸಾಕ್ಷಿ ಹೇಳಿದ ಬರೆಟ್ಟಿ ಎಂಥವನು? ಮನೆಯ ಹಿರಿಯ ಮಗಳಿಗೆ ಇಟಾಲಿಯನ್ ಕಲಿಸಲು ಬಂದು, 1776ರಲ್ಲಿ ಮುನಿಸಿಕೊಂಡು ಹೊರಟವನು. ಮುಂದೆ ಹೆಸ್ಟರಳ ಮೇಲೆ ಪತ್ರಿಕೆಯಲ್ಲಿ ವಿಷ ಕಾರಿದವನು. ಅವನ ಕತೆಯೂ ಸ್ವಾರಸ್ಯದ್ದೇ. 1769ರಲ್ಲಿ ಲಂಡನ್ನಿನ ಬೀದಿಜಗಳದಲ್ಲಿ ಹಣ್ಣು ಕೊಯ್ಯುವ ಚಾಕುವಿನಿಂದ ಇರಿದು ಕೊಲೆ ಆರೋಪ ಹೊತ್ತಿದ್ದ. ಜಾನ್ಸನ್, ರಾಜಕಾರಣಿ ಬರ್ಕ್, ನಟ ಗ್ಯಾರಿಕ್, ಚಿತ್ರಕಾರ ರೆನಾಲ್ಡ್ಸ್ ಕಟಕಟೆಗೆ ಬಂದು ಈತ ಒಳ್ಳೆಯ ಸ್ವಭಾವದವನು ಎಂದು ಸಾಕ್ಷಿ ನುಡಿದರು, ಬಿಡುಗಡೆಯಾಯಿತು. ಗೆಳೆತನ ಪ್ರಾಣ ಉಳಿಸಿದ ಆ ಮನುಷ್ಯ ಗೆಳತಿಯೊಬ್ಬಳ ಬಗ್ಗೆ ಹೇಳಿದ ಸಾಕ್ಷ್ಯವನ್ನು ನಾನು ಪೂರ್ತಿ ನಂಬಲಾರೆ. ಹೆಸ್ಟರಳನ್ನೂ ಪೂರ್ತಿ ನಂಬುವುದಿಲ್ಲ. ಒಳ್ಳೆಯ ಕತೆ ಸಿಕ್ಕರೆ ಅಂಚು ತೀಡುವ ಚಾಳಿ ಆಕೆಗಿತ್ತು.

ಆದರೆ ಇನ್ನೊಂದು ಪ್ರಸಂಗವನ್ನು ನಾನು ನಂಬುತ್ತೇನೆ. ಹೆನ್ರಿ ಥ್ರೇಲ್ ಸೋಫಿ ಸ್ಟ್ರೆಟ್‌ಫೀಲ್ಡ್ ಎಂಬ ಚೆಲುವೆಯ ಮೋಹಕ್ಕೆ ಬಿದ್ದಿದ್ದ. ಅವಳಿಗೆ ಗ್ರೀಕ್ ಬರುತ್ತಿತ್ತು. ಬೇಕೆಂದಾಗ ಅಳುವುದೂ ಬರುತ್ತಿತ್ತು. ಅತಿಥಿಗಳು ಕೇಳಿದರೆ, ಮುಖ ಕಿವುಚದೆ, ಮೂಗು ಕೆಂಪಾಗದೆ, ಕೆನ್ನೆಯ ಮೇಲೆ ಎರಡು ಹನಿ ಇಳಿಸಿ ತೋರಿಸುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಸೋಫಿಗೆ ಗಂಟಲು ನೋವು ಬರುವ ಹಾಗಿದೆ, ಬಾಗಿಲ ಗಾಳಿ ಆಗದು, ನೀನು ಆ ಜಾಗದಲ್ಲಿ ಕೂರು ಎಂದು ಥ್ರೇಲ್ ತುಂಬಿದ ಮೇಜಿನ ಮುಂದೆ ಹೆಂಡತಿಯನ್ನು ಎಬ್ಬಿಸಿದ. ಹೆಂಡತಿ ಬಸುರಿ. ಆಕೆ ಅಳುತ್ತಾ ಎದ್ದುಹೋದಳು. ಮೇಜಿನಲ್ಲಿ ಜಾನ್ಸನ್ ಇದ್ದ, ಎಡ್ಮಂಡ್ ಬರ್ಕ್ ಇದ್ದ. ಮುಂದೆ ವಾರನ್ ಹೇಸ್ಟಿಂಗ್ಸನ ಅನ್ಯಾಯಗಳ ಮೇಲೆ ಪಾರ್ಲಿಮೆಂಟಿನಲ್ಲಿ ದಿನಗಟ್ಟಲೆ ಗುಡುಗಿದ ಅದೇ ಬರ್ಕ್. ಇಬ್ಬರೂ ತುಟಿ ಬಿಚ್ಚಲಿಲ್ಲ.

ಊಟ ಮುಗಿದ ಮೇಲೆ ಆಕೆ ಜಾನ್ಸನ್ನನನ್ನು ಕೇಳಿದಳು: ನಾನು ನಡೆದುಕೊಂಡದ್ದು ತಪ್ಪೇ? ಇರಲಿಕ್ಕಿಲ್ಲ, ನಿನ್ನ ಮನಸ್ಸಿಗೆ ನೋವಾಗಿತ್ತು ಎಂದ ಆತ. ಆಗ ಆಕೆ ಹೇಳಿದ್ದರ ಸಾರ ಇಷ್ಟು: ಆ ನೋವನ್ನು ನೀವಿಬ್ಬರೂ ಎಷ್ಟು ಶಾಂತವಾಗಿ ನೋಡಿದಿರಿ ಎಂಬುದೂ ನನ್ನ ಕಣ್ಣಿಗೆ ಬಿತ್ತು. ಬೇರೆ ಯಾರದೋ ಮನೆಯಲ್ಲಿ ಹೀಗಾಯಿತೆಂದು ಕೇಳಿದ್ದರೆ ನಿಮ್ಮ ಸಿಟ್ಟಿಗೆ ಮಿತಿ ಇರುತ್ತಿರಲಿಲ್ಲ. ಒಳ್ಳೆಯ ಊಟ ಹಾಕುವವನ ಮುಂದೆ ಮಾತ್ರ ನೀವು ಕುರಿಮರಿಗಳು. ಜಾನ್ಸನ್ನನ ಮುಖ ಕೆಂಪಾಯಿತು, ಬರ್ಕ್ ಪೆಚ್ಚಾದ, ಉತ್ತರ ಯಾರಿಂದಲೂ ಬರಲಿಲ್ಲ. ಇದನ್ನು ಆಕೆ ಇಳಿವಯಸ್ಸಿನಲ್ಲಿ ಮಿತ್ರನೊಬ್ಬನಿಗೆ ಹೇಳಿದ್ದು. ನೆನಪು ಕೊಂಚ ನುಣುಪಾಗಿರಬಹುದು. ಆದರೂ ಅವಳ ಕಾಲದ ಗಂಡಸರ ಚತುರೋಕ್ತಿಗಳೆಲ್ಲ ಒಂದು ತಕ್ಕಡಿ, ಈ ಒಂದು ಮಾತು ಇನ್ನೊಂದು ತಕ್ಕಡಿ. ಅವರು ಗೆಲ್ಲಲು ಮಾತಾಡುತ್ತಿದ್ದರು. ಈಕೆ ಗೆಳೆಯರಿಗೆ ಅವರ ಸ್ವಭಾವವನ್ನು ತೋರಿಸಿಕೊಟ್ಟಳು, ಮರುದಿನವೂ ಅವರಿಗೆ ಊಟಕ್ಕಿಟ್ಟಳು.

ಇಷ್ಟೆಲ್ಲ ಬರೆದ ಹೆಂಗಸು ಬರೆಯದೇ ಬಿಟ್ಟದ್ದೂ ಇದೆ. 1767 ಅಥವಾ 68ರಲ್ಲಿ ಜಾನ್ಸನ್ ತನ್ನ ಪ್ರಾಣಕ್ಕಿಂತ ಹೆಚ್ಚಿನ ಗುಟ್ಟೊಂದನ್ನು ತನಗೆ ಒಪ್ಪಿಸಿದ ಎಂದು ದಿನಚರಿಯಲ್ಲಿ ಬರೆದಿದ್ದಾಳೆ. ಗುಟ್ಟೇನೆಂದು ಬರೆದಿಲ್ಲ. ವಿದ್ವಾಂಸರು ಆ ಜಾಗದಲ್ಲಿ ಬಹಳ ಅಗೆದಿದ್ದಾರೆ. ಅಗೆದವರ ಬಗ್ಗೆ ನನಗೆ ತಕರಾರಿಲ್ಲ, ಆಸಕ್ತಿಯೂ ಇಲ್ಲ. ಊರಿನ ಗಾಳಿಮಾತನ್ನೆಲ್ಲ ಆರು ಸಂಪುಟಗಳಲ್ಲಿ ತುಂಬಿಸಿದವಳು, ಬೇರೆ ಯಾರ ಕಣ್ಣಿಗೂ ಬೀಳದ ಪುಟದಲ್ಲೂ ಅದೊಂದನ್ನು ಬಿಟ್ಟಳಲ್ಲ, ಅದು ನನಗೆ ಸಾಕು.

1781ರ ಏಪ್ರಿಲ್ 4ರಂದು ಹೆನ್ರಿ ಥ್ರೇಲ್ ತೀರಿಕೊಂಡ. ಸೌಮ್ಯತೆಗೆ 19 ಅಂಕ ಪಡೆದ ಬಾಸ್ವೆಲ್, ಉತ್ತರಕ್ರಿಯೆ ಮುಗಿದು ಒಂದು ದಿನವೂ ಕಳೆದಿರಲಿಲ್ಲವೇನೋ, ಜಾನ್ಸನ್ನನಿಗೂ ವಿಧವೆಗೂ ಮದುವೆಯಾಗುವಂತೆ ಒಂದು ಹೊಲಸು ಅಣಕುಪದ್ಯ ಕಟ್ಟಿ ಗೆಳೆಯರ ಗುಂಪಿನಲ್ಲಿ ಓದಿ ನಗಿಸಿದ. ಕಾರ್ಖಾನೆ 1,35,000 ಪೌಂಡಿಗೆ ಮಾರಾಟವಾಯಿತು. ಹೆಸ್ಟರಳಿಗೆ ನಲವತ್ತು. ಮಗಳಿಗೆ ಸಂಗೀತ ಹೇಳಿಕೊಡುತ್ತಿದ್ದ ಗೇಬ್ರಿಯಲ್ ಪಿಯೊಟ್ಸಿ ಎಂಬ ಇಟಲಿಯ ಗಾಯಕನನ್ನು ಆಕೆ ಪ್ರೀತಿಸಿದಳು. ಜೀವನದಲ್ಲಿ ಮೊದಲ ಸಲ ತಾನಾಗಿ ಆರಿಸಿದಳು ಅನ್ನಿ. ಪರದೇಶಿ, ಕ್ಯಾಥೊಲಿಕ್, ಪಾಠ ಹೇಳಿ ಹೊಟ್ಟೆ ಹೊರೆಯುವವನು: ಲಂಡನ್ನಿಗೆ ಮೂರೂ ಸಹಿಸಲಾಗದ ವಿಷಯ. 1784ರ ಜುಲೈಯಲ್ಲಿ ಮದುವೆಯ ನಿರ್ಧಾರವನ್ನು ತಿಳಿಸಿದಾಗ ಜಾನ್ಸನ್ ಬರೆದ ಪತ್ರ ಬೈಗುಳದ ಪತ್ರ. ಇದು ಮಾನಗೇಡಿ ಮದುವೆ, ಮಕ್ಕಳನ್ನೂ ಧರ್ಮವನ್ನೂ ತೊರೆದೆ ಎಂಬ ಧಾಟಿ.

ಅದಕ್ಕೆ ಆಕೆ ಎರಡು ದಿನದಲ್ಲೇ ಕೊಟ್ಟ ಉತ್ತರ ಇಂಗ್ಲಿಷಿನ ಅತ್ಯುತ್ತಮ ಪತ್ರಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಕಣ್ಣೀರಿಲ್ಲ, ತಮಾಷೆಯೂ ಇಲ್ಲ. ನನ್ನ ಎರಡನೆಯ ಗಂಡನ ಹುಟ್ಟು ಮೊದಲನೆಯವನದಕ್ಕಿಂತ ಕೀಳಲ್ಲ, ಮನೋಭಾವ ಕೀಳಲ್ಲ, ಕಸುಬೂ ಕೀಳಲ್ಲ. ಕಸುಬಿನಲ್ಲಿ ಇವನ ಮೇಲುಗೈಯನ್ನು ಲೋಕವೇ ಒಪ್ಪಿದೆ. ಹಾಗಾದರೆ ಮಾನಗೇಡು ಎಂದರೆ ಹಣವಿಲ್ಲದಿರುವುದು ತಾನೇ ಎಂದು ಹಂತ ಹಂತವಾಗಿ ವಾದಿಸುತ್ತಾಳೆ. ಜಾನ್ಸನ್ನನ ತರ್ಕದಿಂದಲೇ ಜಾನ್ಸನ್ನನನ್ನು ಕಟ್ಟಿದ ಹಾಗೆ. ಹೆನ್ರಿ ಥ್ರೇಲನ ತಂದೆ ಅದೇ ಬಿಯರ್ ಕಾರ್ಖಾನೆಯಲ್ಲಿ ವಾರಕ್ಕೆ ಆರು ಶಿಲಿಂಗಿಗೆ ದುಡಿದು ಮೇಲೆ ಬಂದವನು ಎಂದು ಬಾಸ್ವೆಲ್ಲನಿಗೆ ಹೇಳಿದವನೇ ಜಾನ್ಸನ್. ಪಿಯೊಟ್ಸಿಯ ಬಗ್ಗೆ ಅಭಿಪ್ರಾಯ ಬದಲಾಗುವವರೆಗೆ ನಮ್ಮ ನಡುವೆ ಮಾತು ಬೇಡ ಎಂದು ಪತ್ರ ಮುಗಿಯುತ್ತದೆ.

ಆತ ತಗ್ಗಿದ. ಮರುಪತ್ರದಲ್ಲಿ, ನೀನು ಮಾಡಿದ್ದಕ್ಕೆ ನಾನು ಮರುಗಬಹುದು, ಮುನಿಯುವ ಹಕ್ಕು ನನಗಿಲ್ಲ ಎಂದ. ತನ್ನ ದುಃಖದ ಬದುಕಿನ ಇಪ್ಪತ್ತು ವರ್ಷಗಳಿಗೆ ಆಕೆಯ ದಯೆ ತಂಪೆರೆಯಿತು ಎಂದ. ಅಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ನವೆಂಬರಿನಲ್ಲಿ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಮುಂದೆ, ಅವಳನ್ನು ಮನಸ್ಸಿನಿಂದ ಓಡಿಸಿದ್ದೇನೆ, ಕೈಗೆ ಸಿಕ್ಕ ಅವಳ ಪತ್ರಗಳನ್ನೆಲ್ಲ ಸುಡುತ್ತೇನೆ ಎಂದ. ಡಿಸೆಂಬರ್ 13ಕ್ಕೆ ತೀರಿಕೊಂಡ. ಸ್ಟ್ರೆಥಮ್ಮಿನ ಮೇಜಿನಲ್ಲಿ ಬೆಳಕಿಗೆ ಬಂದ ಬರ್ನಿಯೂ ದೂರವಾದಳು. ಹಿರಿಯ ಮಗಳು ಕ್ವೀನಿ ಮೊದಲೇ ದೂರ.

ಹದಿನಾರು ವರ್ಷ ಜಾನ್ಸನ್ನನ ಮೂರು ಸೊನ್ನೆಗಳನ್ನು ಈಕೆ ಸಹಿಸಿದಳು. ಈಕೆಯ ಒಂದನ್ನು ಗೆಳೆಯರು ಆರು ತಿಂಗಳೂ ಸಹಿಸಲಿಲ್ಲ. ಆಮೇಲಿನವರೂ ಅಷ್ಟೇ. ನಮ್ಮ ದೇಶದ ಶಿಕ್ಷಣದ ಬಗ್ಗೆ 1835ರಲ್ಲಿ ಟಿಪ್ಪಣಿ ಬರೆದ ಮೆಕಾಲೆ ಮಹಾಶಯ ಜಾನ್ಸನ್ ಮೇಲಿನ ಪ್ರಬಂಧದಲ್ಲಿ, ಆಕೆಯಲ್ಲದೆ ಬೇರೆ ಯಾರ ಕಣ್ಣಿಗೂ ಮೆಚ್ಚುವಂಥದ್ದೇನೂ ಕಾಣದ ಸಂಗೀತದ ಮೇಷ್ಟರೊಬ್ಬನಿಗಾಗಿ ಮುದುಕನನ್ನು ಮನೆಬಿಡಿಸಿದಳು ಎಂಬ ಚಿತ್ರ ಬರೆದ. ಆ ಪ್ರಬಂಧವನ್ನು ತಲೆಮಾರುಗಳು ಓದಿದವು. ಪಿಯೊಟ್ಸಿ ಸಭ್ಯ ಮನುಷ್ಯ, ಲೆಕ್ಕಪತ್ರದಲ್ಲಿ ಚೊಕ್ಕ, ಹೆಂಡತಿಯ ಸಾಲ ತೀರಿಸಿದ, ವೇಲ್ಸಿನಲ್ಲಿ ಆಕೆಗೆ ಬ್ರಿನ್‌ಬೆಲ್ಲಾ ಎಂಬ ಮನೆ ಕಟ್ಟಿಸಿಕೊಟ್ಟ. ಇಪ್ಪತ್ತೈದು ವರ್ಷದ ಆ ಸಂಸಾರ 1809ರಲ್ಲಿ ಅವನ ಸಾವಿನೊಂದಿಗೆ ಮುಗಿದಾಗ ಆಕೆ ದಿನಚರಿಯನ್ನೂ ನಿಲ್ಲಿಸಿದಳು.

ನಾನು ಆಕೆಯನ್ನು ಸಂತಳನ್ನಾಗಿ ಮಾಡುತ್ತಿಲ್ಲ. ಜಾನ್ಸನ್ ಸತ್ತ ಎರಡು ವರ್ಷದೊಳಗೆ ಅವನ ಪ್ರಸಂಗಗಳನ್ನು ಮಾರುಕಟ್ಟೆಗೆ ಬಿಟ್ಟಳು, ಬಂದ ಪ್ರತಿಗಳು ಕೂಡಲೇ ಖರ್ಚಾದವು. ಅದರಲ್ಲಿ ಒಂದು ಮಾತನ್ನು ಯಾವ ಮುಲಾಜೂ ಇಲ್ಲದೆ ಹೇಳಿದ್ದಾಳೆ. ಆತನ ಮೇಲಿನ ಗೌರವದಿಂದ, ಆತನ ಮಾತಿನ ಸುಖದಿಂದ, ಗಂಡ ಹೊರಿಸಿದ ನೊಗಕ್ಕೆ ಹೆಗಲು ಕೊಟ್ಟು ಅಷ್ಟು ವರ್ಷ ಎಳೆದೆ. ಆರಂಭದ ವರ್ಷಗಳಲ್ಲಿ ಅದು ಭಯದ್ದು, ಕೊನೆಯ ವರ್ಷಗಳಲ್ಲಿ ಬೇಸರದ್ದು. ಜೊತೆಗೆ ಎಳೆಯುವವನು ಹೋದ ಮೇಲೆ ಒಬ್ಬಳಿಂದ ಆಗಲಿಲ್ಲ. ಇದನ್ನು ಓದಿದ ಜನ ಕೃತಘ್ನೆ ಅಂದರು. ಸ್ನೇಹದಲ್ಲಿ ದುಡಿಮೆಯೂ ಇರುತ್ತದೆ, ಆ ದುಡಿಮೆಯನ್ನು ಯಾರೋ ಒಬ್ಬರು ಮಾಡಿರುತ್ತಾರೆ ಎಂದು ಹೇಳಿದ ಮಾತು ಅದು ಎಂದು ನನಗನ್ನಿಸುತ್ತದೆ. ಟೋಪನ್ ಹಿಡಿದು ನಿಂತ ಆಳನ್ನೂ ಅದರಲ್ಲಿ ಸೇರಿಸಬಹುದು.

ಸ್ಟ್ರೆಥಮ್ಮಿನ ಪುಸ್ತಕದ ಕೋಣೆಗೆಂದು ಹೆನ್ರಿ ಥ್ರೇಲ್ ಜೋಶುವಾ ರೆನಾಲ್ಡ್ಸನಿಂದ ಗೆಳೆಯರ ಚಿತ್ರಗಳನ್ನು ಬರೆಸಿದ್ದ. ಪುಸ್ತಕವನ್ನು ಮೂಗಿಗೇ ಹಿಡಿದು ಓದುವ ಸಮೀಪದೃಷ್ಟಿಯ ಬರೆಟ್ಟಿ, ಕಿವಿಯ ಹಿಂದೆ ಕೈ ಇಟ್ಟು ಕೇಳಿಸಿಕೊಳ್ಳುವ ಕಿವುಡ ರೆನಾಲ್ಡ್ಸ್ ಸ್ವತಃ, ಮುಂದೆ ಕಲ್ಕತ್ತೆಯಲ್ಲಿ ನ್ಯಾಯಾಧೀಶನಾದ ರಾಬರ್ಟ್ ಚೇಂಬರ್ಸ್, ಗೋಲ್ಡ್‌ಸ್ಮಿತ್, ಗ್ಯಾರಿಕ್, ಬರ್ಕ್, ಜಾನ್ಸನ್, ಹೀಗೆ. ದತ್ತುಮಗನಿಗಾಗಿ ಕೈ ಬರಿದುಮಾಡಿಕೊಂಡಿದ್ದ ಹೆಸ್ಟರ್ 1816ರಲ್ಲಿ ಅವನ್ನೆಲ್ಲ ಹರಾಜಿಗಿಟ್ಟಳು. ಜಾನ್ಸನ್ 378 ಪೌಂಡಿಗೆ ಹೋದ. ಬರ್ಕ್ 252ಕ್ಕೆ. ಮಗಳೊಂದಿಗೆ ಕುಳಿತ ಅವಳದೇ ಚಿತ್ರ ಎಂಬತ್ತೊಂದು ಚಿಲ್ಲರೆಗೆ. ಬರೆಟ್ಟಿಗೆ ಸಿಕ್ಕಿದ್ದು ಮೂವತ್ತೊಂದೂವರೆ. ಚಪ್ಪಲಿ ಹೊಲಿಯುವ ಕವಿಯ ನೆಪ ಹೂಡಿ ಜಾನ್ಸನ್ನನನ್ನು ಮನೆಗೆ ಕರೆತಂದಿದ್ದ ಆರ್ಥರ್ ಮರ್ಫಿಯ ಚಿತ್ರವನ್ನು ಮಾತ್ರ ಆಕೆ ಕೈಬಿಡಲಿಲ್ಲ, ತನಗೇ ಇಟ್ಟುಕೊಂಡಳು.